ದೇವನಹಳ್ಳಿ ಕೋಟೆ ಮತ್ತು ನಮ್ಮ ಊರಿನ ಹಳೆಯ ದೇವಾಲಯ



ದೇವಾಲಯದ ಹಬ್ಬ ಹತ್ತಿರ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಮೊದಲು ಏಳುವ ಮಾತು ಸುಣ್ಣಬಣ್ಣದ್ದು. ಸಭೆ ಸೇರುತ್ತದೆ. ತೇರಿನ ಖರ್ಚು, ಊಟದ ಖರ್ಚು, ದೀಪಾಲಂಕಾರದ ಖರ್ಚು ಮುಗಿದ ಮೇಲೆ ಹಿಂದಿನ ಸಾಲಿನಿಂದ ಯಾರಾದರೂ ಒಬ್ಬರು ಎದ್ದು ನಿಲ್ಲುತ್ತಾರೆ. "ಸ್ವಾಮಿ, ಈ ಹಳೇ ಗುಡಿಗೆ ಇನ್ನೆಷ್ಟು ವರ್ಷ ತೇಪೆ ಹಾಕೋದು? ಕೆಡವಿ ದೊಡ್ಡದಾಗಿ ಕಟ್ಟಿಬಿಡೋಣ" ಎನ್ನುತ್ತಾರೆ. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಜನ ಹೆಚ್ಚಾಗಿದ್ದಾರೆ, ಜಾಗ ಸಾಲುತ್ತಿಲ್ಲ, ಮಳೆ ಬಂದರೆ ಸೋರುತ್ತದೆ.

ನನಗೆ ಗೊತ್ತಿದ್ದ ಒಂದು ಹಳ್ಳಿಯಲ್ಲಿ ಹೀಗೆಯೇ ಆಯಿತು. ಹಳೆಯ ದೇವಾಲಯ ಹೋಗಿ ಹೊಸದು ಬಂತು. ವಿಶಾಲವಾಗಿದೆ, ಗಾಳಿ ಬೆಳಕು ಚೆನ್ನಾಗಿದೆ. ಕೆಲವು ವರ್ಷಗಳ ನಂತರ ಹಬ್ಬಕ್ಕೊಂದು ನೆನಪಿನ ಸಂಚಿಕೆ ತರಬೇಕೆಂದು ಯುವಕರು ಹೊರಟರು. ಮೊದಲ ದೇವಾಲಯ ಕಟ್ಟಿದ್ದು ಯಾವ ವರ್ಷ? ಜಾಗ ಕೊಟ್ಟವರು ಯಾರು? ಯಾರಿಗೂ ತಿಳಿಯಲಿಲ್ಲ. ಕೊನೆಗೆ ಒಬ್ಬ ಅಜ್ಜಿ, "ಬಾಗಿಲ ಮೇಲಿನ ಕಲ್ಲಲ್ಲಿ ಎಲ್ಲಾ ಬರೆದಿತ್ತಲ್ಲಪ್ಪಾ, ಆ ಕಲ್ಲನ್ನ ಏನು ಮಾಡಿದ್ರಿ?" ಎಂದು ಕೇಳಿದರು. ಆ ಕಲ್ಲು ಉಳಿದ ಮಣ್ಣು-ಕಲ್ಲಿನ ಜೊತೆ ಹೊಸ ದೇವಾಲಯದ ನೆಲದ ಕೆಳಗೆ ಸೇರಿಹೋಗಿತ್ತು. ಯಾರೂ ಕೆಟ್ಟ ಮನಸ್ಸಿನಿಂದ ಹಾಕಿದ್ದಲ್ಲ. ಅದನ್ನು ಓದಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅಷ್ಟೆ.

ಹಳೆಯ ಕಟ್ಟಡವನ್ನು ಓದುವುದು ಎಂದರೇನು? ಇದನ್ನು ಕಲಿಯಲು ದೂರದ ರೋಮಿಗೆ ಹೋಗಬೇಕಾಗಿಲ್ಲ. ಬೆಂಗಳೂರು ಗ್ರಾಮಾಂತರ ಭಾಗದ ದೇವನಹಳ್ಳಿಗೆ ಹೋದರೆ ಸಾಕು. ನಂದಿಬೆಟ್ಟಕ್ಕೆ ಹೋಗುವಾಗ ನಮ್ಮಲ್ಲಿ ಎಷ್ಟೋ ಕುಟುಂಬಗಳು ಈ ಊರನ್ನು ದಾಟಿವೆ. 2008ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆದ ಮೇಲಂತೂ ದೇವನಹಳ್ಳಿಯ ಹೆಸರು ಎಲ್ಲರ ಬಾಯಲ್ಲಿದೆ. ಆದರೆ ಊರ ಪಕ್ಕದಲ್ಲೇ ನಿಂತಿರುವ ಕೋಟೆಯೊಳಗೆ ಕಾಲಿಟ್ಟವರು ಕಡಿಮೆ. ಇಂದು ನಾವು ಅದರೊಳಗೆ ಒಮ್ಮೆ ನಡೆದು ಬರೋಣ.

ಮೊದಲು ಮಣ್ಣು, ಆಮೇಲೆ ಕಲ್ಲು

ದೇವನಹಳ್ಳಿಯ ಕಥೆ ಆರಂಭವಾಗುವುದು ಹತ್ತಿರದ ಆವತಿ ಎಂಬ ಹಳ್ಳಿಯಲ್ಲಿ. ಕಂಚಿಯ ಕಡೆಯಿಂದ ತಲೆಮರೆಸಿಕೊಂಡು ಬಂದ ಒಂದು ಒಕ್ಕಲಿಗ ಕುಟುಂಬ ನಂದಿದುರ್ಗದ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಬೀಡುಬಿಟ್ಟಿತೆಂದೂ, ಅದರ ಹಿರಿಯ ರಣಭೈರೇಗೌಡ ಮತ್ತು ಅವನ ತಮ್ಮಂದಿರು ಆವತಿಯಲ್ಲಿ ನೆಲೆನಿಂತರೆಂದೂ ಪರಂಪರೆ ಹೇಳುತ್ತದೆ. ಈ ಮನೆತನದ ಮಲ್ಲಭೈರೇಗೌಡ 1501ರಲ್ಲಿ ಆಗ ದೇವನದೊಡ್ಡಿ ಎನಿಸಿಕೊಂಡಿದ್ದ ಜಾಗದಲ್ಲಿ ಒಂದು ಕೋಟೆ ಕಟ್ಟಿದ. ನಮ್ಮ ಬೆಂಗಳೂರಿನ ಕೆಂಪೇಗೌಡರ ವಂಶವೂ ಇದೇ ಆವತಿ ನಾಡಪ್ರಭುಗಳ ಮೂಲದ್ದೆಂದು ಹೇಳುತ್ತಾರೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಮಲ್ಲಭೈರೇಗೌಡ ಕಟ್ಟಿದ್ದು ಮಣ್ಣಿನ ಕೋಟೆ. ಇಂದು ನಮ್ಮ ಕಣ್ಣಿಗೆ ಕಾಣುವುದು ಕಲ್ಲಿನ ಕೋಟೆ. ಹಾಗಾದರೆ ನಡುವೆ ಏನಾಯಿತು?

ಸುಮಾರು ಎರಡೂವರೆ ಶತಮಾನ ದೇವನಹಳ್ಳಿ ಆವತಿ ಮನೆತನದ ಕೈಯಲ್ಲಿತ್ತು. 1747-49ರ ಸುಮಾರಿಗೆ ಮೈಸೂರಿನ ದಳವಾಯಿ ನಂಜರಾಜಯ್ಯನ ಸೈನ್ಯ ಇದನ್ನು ಮುತ್ತಿ ವಶಪಡಿಸಿಕೊಂಡಿತು. ಆ ಮುತ್ತಿಗೆಯಲ್ಲಿ ಕಾದಾಡಿ ಹೆಸರು ಪಡೆದ ಒಬ್ಬ ಸವಾರನಿಗೆ ಒಂದು ಸಣ್ಣ ತುಕಡಿಯ ಮುಖ್ಯಸ್ಥನ ಸ್ಥಾನ ದೊರೆಯಿತು. ಅವನೇ ಹೈದರ್ ಅಲಿ. ಮುಂದೆ ಮೈಸೂರಿನ ಅಧಿಕಾರವೆಲ್ಲ ಅವನ ಕೈಗೆ ಬಂದಿತು. ಬೆಂಗಳೂರಿನ ಮಣ್ಣಿನ ಕೋಟೆಯನ್ನು 1761ರಲ್ಲಿ ಕಲ್ಲಿನಿಂದ ಕಟ್ಟಿಸಿದವನೂ ಅವನೇ. ದೇವನಹಳ್ಳಿಯ ಕೋಟೆಯೂ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕಲ್ಲಿನ ರೂಪ ತಾಳಿತು.

ಹೀಗೇಕೆ ಮಾಡಿದರು? ಕಾರಣ ಫಿರಂಗಿ. ಕತ್ತಿ, ಈಟಿ, ಏಣಿಗಳ ಯುದ್ಧಕ್ಕೆ ಮಣ್ಣಿನ ದಪ್ಪ ಗೋಡೆ, ಸುತ್ತ ಒಂದು ಕಂದಕ ಸಾಕಾಗಿತ್ತು. ದೊಡ್ಡ ಫಿರಂಗಿಗಳು ಬಂದ ಮೇಲೆ ಯುದ್ಧದ ಲೆಕ್ಕವೇ ಬದಲಾಯಿತು. ಗುಂಡು ಬಿದ್ದರೂ ಉದುರದ ಹೊರಮೈ ಬೇಕು, ಮೇಲೆ ನಮ್ಮ ಫಿರಂಗಿಗಳನ್ನು ಏರಿಸಿ ನಿಲ್ಲಿಸಲು ಗಟ್ಟಿ ನೆಲೆಯೂ ಬೇಕು.

ಗೋಡೆಯನ್ನು ಓದುವ ಬಗೆ

ಈಗ ಕೋಟೆಯ ಹತ್ತಿರ ಹೋಗಿ ನಿಲ್ಲೋಣ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಪುಸ್ತಕದ ಪಾಠಕ್ಕಿಂತ ಇದು ಬೇಗ ಮನಸ್ಸಿಗೆ ಇಳಿಯುತ್ತದೆ.

ಕೋಟೆ ಮೊಟ್ಟೆಯಾಕಾರದಲ್ಲಿದೆ, ಸುಮಾರು 20 ಎಕರೆ ವಿಸ್ತಾರ. ಗೋಡೆಯ ಹೊರಮೈಗೆ ಉಳಿಯಿಂದ ಕೆತ್ತಿ ಸಮ ಮಾಡಿದ ಕಲ್ಲುಗಳನ್ನು ಒಂದಕ್ಕೊಂದು ಕೂಡಿಸಿ ಹೊದಿಸಿದ್ದಾರೆ. ಅಲ್ಲಲ್ಲಿ ಗೋಡೆ ಮುಂದಕ್ಕೆ ಉಬ್ಬಿ ಅರ್ಧಚಂದ್ರದಂತೆ ಕಾಣುತ್ತದೆ. ಇವೇ ಬುರುಜುಗಳು. ಇಂಥವು ಒಟ್ಟು 12 ಇವೆ. ಬುರುಜನ್ನು ಚೌಕವಾಗಿ ಕಟ್ಟದೆ ದುಂಡಗೆ ಏಕೆ ಕಟ್ಟಿದರು? ಚೌಕದ ಮೂಲೆಗೆ ಗುಂಡು ತಾಗಿದರೆ ಮೂಲೆ ಕಳಚಿಕೊಳ್ಳುತ್ತದೆ. ದುಂಡಗಿನ ಮೈಗೆ ತಾಗಿದ ಗುಂಡು ಪಕ್ಕಕ್ಕೆ ಜಾರುತ್ತದೆ. ಅಲ್ಲದೆ ಮುಂದಕ್ಕೆ ಚಾಚಿದ ಬುರುಜಿನ ಮೇಲೆ ನಿಂತವನಿಗೆ ಎರಡೂ ಪಕ್ಕದ ಗೋಡೆಯ ಬುಡ ಕಾಣುತ್ತದೆ. ಗೋಡೆ ಹತ್ತಲು ಬಂದವನು ಅಡಗಿ ನಿಲ್ಲಲು ಜಾಗವಿರುವುದಿಲ್ಲ.

ಬುರುಜಿನ ಮೇಲೆ ಫಿರಂಗಿ ಇಡಲು ಮಾಡಿದ ಕಂಡಿಗಳನ್ನು ಕಲ್ಲಿನಲ್ಲಲ್ಲ, ಇಟ್ಟಿಗೆ ಮತ್ತು ಗಾರೆಯಲ್ಲಿ ಕಟ್ಟಿದ್ದಾರೆ. ಕಲ್ಲಿಗೆ ಗುಂಡು ಬಡಿದರೆ ಚೂರುಗಳು ಸಿಡಿದು ಪಕ್ಕದಲ್ಲಿದ್ದವರನ್ನೇ ಗಾಯಗೊಳಿಸುತ್ತವೆ. ಇಟ್ಟಿಗೆಯಾದರೆ ಕುಸಿದರೂ ಬೇಗ ಕಟ್ಟಿಕೊಳ್ಳಬಹುದು. ಪೂರ್ವಕ್ಕೂ ಪಶ್ಚಿಮಕ್ಕೂ ಒಂದೊಂದು ಬಾಗಿಲು. ಬಾಗಿಲುಗಳ ಮೇಲೆ ಗಾರೆಯಲ್ಲಿ ಬಿಡಿಸಿದ ಅಲಂಕಾರ ಇಂದಿಗೂ ಉಳಿದಿದೆ. ಯುದ್ಧಕ್ಕೆಂದೇ ಕಟ್ಟಿದ ಗೋಡೆಯಲ್ಲೂ ಒಬ್ಬ ಗಾರೆ ಕೆಲಸದವನು ಕೂತು ಹೂಬಳ್ಳಿ ತಿದ್ದಿದ್ದಾನೆ. ಅವನ ಹೆಸರು ಯಾವ ಶಾಸನದಲ್ಲೂ ಇಲ್ಲ. ಅವನ ಕೈಕೆಲಸ ಮಾತ್ರ ನಮ್ಮ ಕಣ್ಣ ಮುಂದಿದೆ.

ಇಷ್ಟೆಲ್ಲ ಭದ್ರ ಮಾಡಿದರೂ 1791ರಲ್ಲಿ ಬೆಂಗಳೂರನ್ನು ಗೆದ್ದ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯಕ್ಕೆ ದೇವನಹಳ್ಳಿ ಕೋಟೆಯೂ ಒಲಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನಂದಿದುರ್ಗವೂ ಬಿತ್ತು. ಗೋಡೆ ಎಷ್ಟು ಗಟ್ಟಿಯಾಗಿದ್ದರೂ ಅದೊಂದೇ ಯಾರನ್ನೂ ಕಾಯಲಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಗೋಡೆಯೊಳಗಿನ ಬದುಕು

ಪೂರ್ವದ ಬಾಗಿಲಿನಿಂದ ಒಳಗೆ ಬಂದರೆ ನಮಗೆ ಎದುರಾಗುವುದು ಪಾಳುಬಿದ್ದ ಬಯಲಲ್ಲ, ಒಂದು ಊರು. ಬೀದಿ, ಮನೆ, ಜಗಲಿ, ಶಾಲೆಗೆ ಹೊರಟ ಮಕ್ಕಳು. ಜನ ತಲೆತಲಾಂತರದಿಂದ ಇಲ್ಲೇ ಬಾಳುತ್ತಿದ್ದಾರೆ. ನಡುವೆ ವೇಣುಗೋಪಾಲಸ್ವಾಮಿ ದೇವಸ್ಥಾನವಿದೆ. ಅದರ ಮುಂದೆ ಎತ್ತರದ ಗರುಡಗಂಬ, ವಿಶಾಲವಾದ ಅಂಗಳ. ಗೋಡೆಗಳ ಮೇಲೆ ರಾಮಾಯಣದ ಪ್ರಸಂಗಗಳನ್ನೂ ಕೃಷ್ಣನ ಬಾಲಲೀಲೆಗಳನ್ನೂ ಕೆತ್ತಿದ್ದಾರೆ. ಓದು ಬರಹ ಬಾರದ ಕಾಲದಲ್ಲಿ ಜನರಿಗೆ ಗೋಡೆಯೇ ಗ್ರಂಥವಾಗಿತ್ತು. ನಮ್ಮ ದೇವಾಲಯಗಳಲ್ಲಿ ಶಿಲುಬೆಹಾದಿಯ 14 ಸ್ಥಳಗಳ ಚಿತ್ರಗಳನ್ನು ಗೋಡೆಗೆ ಏರಿಸಿರುವುದೂ ಇಂಥ ಉದ್ದೇಶದಿಂದಲೇ ಅಲ್ಲವೇ? ಅಜ್ಜಿ ಮೊಮ್ಮಗನ ಬೆರಳು ಹಿಡಿದು ಒಂದೊಂದನ್ನೇ ತೋರಿಸುತ್ತಾ ಹೋಗಲು ಇಲ್ಲಿಯೂ ಅಲ್ಲಿಯೂ ಅನುಕೂಲವಿದೆ.

ಟಿಪ್ಪುವಿನ ಕಾಲದಲ್ಲೂ ನಂತರವೂ ಆಡಳಿತ ನಡೆಸಿದ ದಿವಾನ್ ಪೂರ್ಣಯ್ಯನವರದೆಂದು ಊರವರು ತೋರಿಸುವ ಹಳೆಯ ಮನೆಯೂ ಕೋಟೆಯೊಳಗಿದೆ. ಅದು ಪಾಳುಬಿದ್ದಿದೆ. ದೇವಸ್ಥಾನ ನಿಂತಿದೆ, ಮನೆ ಕುಸಿದಿದೆ. ವ್ಯತ್ಯಾಸವೇನು? ಒಂದಕ್ಕೆ ದಿನವೂ ಯಾರೋ ಬಂದು ಬಾಗಿಲು ತೆರೆಯುತ್ತಾರೆ, ಗುಡಿಸುತ್ತಾರೆ, ದೀಪ ಹಚ್ಚುತ್ತಾರೆ, ಸೋರಿದರೆ ಹೆಂಚನ್ನೋ ಗಾರೆಯನ್ನೋ ಸರಿಮಾಡುತ್ತಾರೆ. ಇನ್ನೊಂದಕ್ಕೆ ಬರುವವರೇ ಇಲ್ಲ. ಕಟ್ಟಡದ ಆಯಸ್ಸು ಕಲ್ಲಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಬಳಸುವವರ ಕೈಯಲ್ಲಿದೆ.

ನೋವಿನ ನೆನಪೂ ಚರಿತ್ರೆಯೇ

ಕೋಟೆಯಿಂದ ಹೊರಗೆ ಸ್ವಲ್ಪ ದೂರ ನಡೆದರೆ ನಾಲ್ಕು ಕಂಬಗಳ ಒಂದು ಚಿಕ್ಕ ಕಟ್ಟೆ ಸಿಗುತ್ತದೆ. ಎತ್ತರ ಹೆಚ್ಚೆಂದರೆ ಆರು ಅಡಿ. ಅದರಲ್ಲೊಂದು ಕಲ್ಲಿನ ಫಲಕ. ಟಿಪ್ಪು ಸುಲ್ತಾನ್ ಹುಟ್ಟಿದ ಸ್ಥಳವಿದು. ಹುಟ್ಟಿದ ದಿನ 1750ರ ನವೆಂಬರ್ 20 ಎಂದು ಸಾಮಾನ್ಯವಾಗಿ ಹೇಳುತ್ತಾರೆ, 1751 ಎನ್ನುವವರೂ ಇದ್ದಾರೆ. ಸುತ್ತಲಿನ ಪ್ರದೇಶಕ್ಕೆ ಖಾಸ್‌ಬಾಗ್ ಎಂದು ಹೆಸರು.

ಈ ಸ್ಥಳದಲ್ಲಿ ನಿಂತ ಕಥೋಲಿಕರಾದ ನಮಗೆ ಒಂದು ಇಕ್ಕಟ್ಟು ಎದುರಾಗುತ್ತದೆ. 1784ರಲ್ಲಿ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು ಟಿಪ್ಪುವಿನ ಆಜ್ಞೆಯ ಮೇಲೆ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಅನೇಕರು. ಮಂಗಳೂರು ಕಡೆಯ ಮನೆಗಳಲ್ಲಿ ಇಂದಿಗೂ ಆ ನೆನಪು ಮಾಸಿಲ್ಲ. ಇನ್ನೊಂದು ಕಡೆ, ಬ್ರಿಟಿಷರ ವಿರುದ್ಧ ಹೋರಾಡಿ 1799ರಲ್ಲಿ ರಣರಂಗದಲ್ಲೇ ಮಡಿದ ಅರಸನೆಂದು ಅವನನ್ನು ಗೌರವಿಸುವವರೂ ನಮ್ಮ ನೆರೆಹೊರೆಯಲ್ಲೇ ಇದ್ದಾರೆ. ಎರಡೂ ನಡೆದ ಸಂಗತಿಗಳೇ. ಒಂದನ್ನು ಹೇಳಲು ಇನ್ನೊಂದನ್ನು ಅಳಿಸಬೇಕಾಗಿಲ್ಲ.

ಹಳೆಯ ಕಟ್ಟಡವನ್ನು ಉಳಿಸುವುದೆಂದರೆ ಅದನ್ನು ಕಟ್ಟಿದವನ ಎಲ್ಲ ಕೆಲಸಗಳನ್ನೂ ಒಪ್ಪಿಕೊಳ್ಳುವುದಲ್ಲ. ನಡೆದದ್ದನ್ನು ಕೇಳಿ ತಿಳಿಯಲು ಒಂದು ಜಾಗ ಉಳಿಸಿಕೊಳ್ಳುವುದು. ಈ ಕಲ್ಲು ಇಲ್ಲದಿದ್ದರೆ ಮಗು, "ಇಲ್ಲಿ ಯಾರು ಹುಟ್ಟಿದ್ದು?" ಎಂದು ಕೇಳುವುದಿಲ್ಲ. ಮಗು ಕೇಳದಿದ್ದರೆ ನಾವು ನಮ್ಮ ಹಿರಿಯರ ಸೆರೆವಾಸದ ಕಥೆಯನ್ನೂ ಹೇಳುವುದಿಲ್ಲ.

ಕಾಗದದಲ್ಲಿ ಉಳಿದ ದೇವಾಲಯ

ದೇವನಹಳ್ಳಿಗೂ ನಮ್ಮ ಧರ್ಮಸಭೆಗೂ ಇನ್ನೊಂದು ಹಳೆಯ ನಂಟಿದೆ. ಅದನ್ನು ಬಲ್ಲವರು ವಿರಳ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುವಂತೆ, 1702ರಲ್ಲಿ ಇಬ್ಬರು ಫ್ರೆಂಚ್ ಯೇಸುಸಭೆಯ ಗುರುಗಳು ವೆಲ್ಲೂರಿನ ಕಡೆಯಿಂದ ಬಂದು ಬೆಂಗಳೂರಿನಲ್ಲಿ ಒಂದು ಪ್ರಾರ್ಥನಾಲಯ ತೆರೆದರು. ದೇವನಹಳ್ಳಿ, ಚಿಕ್ಕಬಳ್ಳಾಪುರ, ಹೊಸಕೋಟೆ, ಕೋಲಾರಗಳಲ್ಲಿಯೂ ದೇವಾಲಯಗಳನ್ನು ಸ್ಥಾಪಿಸಿದರು. ಅಂದರೆ ಆವತಿಯ ಪ್ರಭುಗಳು ಇನ್ನೂ ಆಳುತ್ತಿದ್ದಾಗ, ಕೋಟೆ ಇನ್ನೂ ಮಣ್ಣಿನದಾಗಿದ್ದಾಗ, ಇದೇ ದೇವನಹಳ್ಳಿಯಲ್ಲಿ ಬಲಿಪೂಜೆ ನಡೆದಿತ್ತು!

ಮುಂದೆ 1773ರಲ್ಲಿ ಯೇಸುಸಭೆಯನ್ನೇ ರೋಮಿನಿಂದ ರದ್ದುಗೊಳಿಸಲಾಯಿತು. ಗುರುಗಳಿಲ್ಲದಾಯಿತು. ಮೇಲೆ ಮೇಲೆ ಯುದ್ಧಗಳು ಬಂದವು. 1799ರ ನಂತರ ಪ್ಯಾರಿಸಿನ ವಿದೇಶಿ ಮಿಷನ್ ಸಂಸ್ಥೆಯ ಗುರು ಅಬ್ಬೆ ದುಬೊಯಿಸ್ ಶ್ರೀರಂಗಪಟ್ಟಣಕ್ಕೆ ಬಂದು ಚದುರಿದ್ದ ವಿಶ್ವಾಸಿಗಳನ್ನು ಮತ್ತೆ ಒಟ್ಟುಗೂಡಿಸಬೇಕಾಯಿತು. ದೇವನಹಳ್ಳಿಗೆ ಬರುವ ಪ್ರವಾಸಿಗರು ಕೋಟೆ ನೋಡುತ್ತಾರೆ, ದೇವಸ್ಥಾನ ನೋಡುತ್ತಾರೆ, ಟಿಪ್ಪುವಿನ ಜನ್ಮಸ್ಥಳ ನೋಡುತ್ತಾರೆ. ನಮ್ಮ ಆ ಮೊದಲ ದೇವಾಲಯ ಮಾತ್ರ ಗೆಜೆಟಿಯರಿನ ಒಂದು ಸಾಲಾಗಿ ಉಳಿದಿದೆ. ಆ ಸಾಲನ್ನೂ ಯಾರಾದರೂ ಬರೆದಿಡದೆ ಹೋಗಿದ್ದರೆ?

ಇದಕ್ಕೆ ಎದುರಾದ ಚಿತ್ರ ಹಾಸನದ ಹತ್ತಿರದ ಶೆಟ್ಟಿಹಳ್ಳಿಯಲ್ಲಿದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ ಗೊರೂರು ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿತು. ಜನರನ್ನು ಬೇರೆಡೆಗೆ ಸಾಗಿಸಿದರು. ದೇವಾಲಯ ಒಂಟಿಯಾಯಿತು. ಮಳೆಗಾಲದಲ್ಲಿ ನೀರಲ್ಲಿ ಮುಳುಗಿ, ಬೇಸಿಗೆಯಲ್ಲಿ ಮೇಲೆದ್ದು, ವರ್ಷವರ್ಷವೂ ಸವೆಯುತ್ತಾ, ಗೋಡೆಯ ಭಾಗಗಳು ಕುಸಿಯುತ್ತಾ ಬಂದಿವೆ. ಜನ ದೂರದೂರಿನಿಂದ ಬಂದು ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಶೆಟ್ಟಿಹಳ್ಳಿಯಲ್ಲಿ ಕಲ್ಲು ಉಳಿಯಿತು, ಸಮುದಾಯ ಹೊರಟುಹೋಯಿತು. ನಮ್ಮ ಅನೇಕ ಹಳ್ಳಿಗಳಲ್ಲಿ ಸಮುದಾಯ ಇದೆ, ಕಲ್ಲು ಹೊರಟುಹೋಗುತ್ತಿದೆ. ಎರಡೂ ಒಟ್ಟಿಗೆ ಇರುವ ಊರು ಪುಣ್ಯದ ಊರು.

ನಾವೇನು ಮಾಡಬಹುದು?

ದೇವನಹಳ್ಳಿಯ ಕೋಟೆ ಮತ್ತು ಟಿಪ್ಪುವಿನ ಜನ್ಮಸ್ಥಳವನ್ನು ಕಾಯಲು ಭಾರತೀಯ ಪುರಾತತ್ವ ಇಲಾಖೆ ಇದೆ. 2010ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಇಂಥ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ನಮ್ಮ ಹಳ್ಳಿಯ ಹಳೆಯ ದೇವಾಲಯಕ್ಕಾದರೆ ಇಂಥ ಕಾವಲು ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಕಾಯಬೇಕಾದವರು ವಿಚಾರಣಾ ಗುರುಗಳು ಮತ್ತು ಧರ್ಮಕೇಂದ್ರದ ಕುಟುಂಬಗಳೇ. ಅದಕ್ಕಾಗಿ ಕೆಲವು ಸರಳ ಮಾತುಗಳು.

ಮೊದಲನೆಯದು, ಗಾರೆಯ ಗುಣ ತಿಳಿಯಿರಿ. ಹಿಂದಿನವರು ಸುಣ್ಣದ ಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಮರಳು ಮತ್ತು ಇಟ್ಟಿಗೆ ಪುಡಿ ಬೆರೆಸಿ ಅರೆದು ಗಾರೆ ಮಾಡುತ್ತಿದ್ದರು. ಬೆಲ್ಲ, ಮೊಟ್ಟೆ ಸೇರಿಸುತ್ತಿದ್ದರೆಂದು ಹಿರಿಯರು ಹೇಳುವುದನ್ನು ನೀವೂ ಕೇಳಿದ್ದೀರಿ. ಇಂಥ ಗಾರೆ ನಿಧಾನವಾಗಿ, ಗಾಳಿಯನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಗೋಡೆಯೊಳಗೆ ಸೇರಿದ ತೇವವನ್ನು ಹೊರಗೆ ಹೋಗಲು ಬಿಡುತ್ತದೆ. ಇದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಉಬ್ಬಿ ಉದುರತೊಡಗುತ್ತದೆ. "ಸಿಮೆಂಟು ಹಾಕಿದರೂ ನಿಲ್ಲಲಿಲ್ಲ, ಗೋಡೆ ಹಳೇದಾಯ್ತು" ಎಂದು ಕೆಡವಿದ ಎಷ್ಟೋ ಕಡೆ ತಪ್ಪು ಗೋಡೆಯದಾಗಿರಲಿಲ್ಲ. ದುರಸ್ತಿಗೆ ಮೊದಲು ಗಾರೆ ಕೆಲಸ ಬಲ್ಲವರನ್ನು ಕರೆದು ತೋರಿಸಿ. ಸೋರುವುದನ್ನು ಮೊದಲು ಮಾಡಿನಲ್ಲಿ ನಿಲ್ಲಿಸಿ, ಆಮೇಲೆ ಗೋಡೆಗೆ ಕೈಹಾಕಿ.

ಎರಡನೆಯದು, ಬರೆದಿಡಿ. ಬಾಗಿಲ ಮೇಲಿನ ಕಲ್ಲು, ಗಂಟೆಯ ಮೇಲಿನ ಅಕ್ಷರ, ಬಲಿಪೀಠದ ಬುಡದ ಹೆಸರು, ಹಿಂದಿನ ಸ್ಮಶಾನದ ಶಿಲುಬೆಗಳು, ಇವನ್ನೆಲ್ಲ ಯುವಕರು ಒಂದು ಭಾನುವಾರ ಕೂತು ನಕಲು ಮಾಡಿಕೊಳ್ಳಲಿ, ಫೋಟೋ ತೆಗೆಯಲಿ. ಒಂದು ಪ್ರತಿ ಗುರುಮನೆಯಲ್ಲಿರಲಿ, ಇನ್ನೊಂದು ಧರ್ಮಕ್ಷೇತ್ರದ ಕಚೇರಿಗೆ ಹೋಗಲಿ. ಸ್ನಾನದೀಕ್ಷೆಯ ಹಳೆಯ ದಾಖಲೆ ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡಿ. ಊರಿನ ಮೊದಲ ಕುಟುಂಬಗಳ ಹೆಸರು ಇರುವುದು ಅವುಗಳಲ್ಲೇ.

ಮೂರನೆಯದು, ಕೆಡವಲೇಬೇಕಾಗಿ ಬಂದರೆ? ಜನ ಹೆಚ್ಚಿದಾಗ ದೊಡ್ಡ ದೇವಾಲಯ ಬೇಕೇ ಬೇಕು. ಪಕ್ಕದಲ್ಲಿ ಜಾಗವಿದ್ದರೆ ಹೊಸದನ್ನು ಅಲ್ಲಿ ಕಟ್ಟಿ, ಹಳೆಯದನ್ನು ಆರಾಧನೆಯ ಕೊಠಡಿಯಾಗಿಯೋ ಧರ್ಮೋಪದೇಶದ ತರಗತಿಯಾಗಿಯೋ ಬಳಸಿ. ಬಳಕೆಯಲ್ಲಿರುವ ಕಟ್ಟಡ ಬೀಳುವುದಿಲ್ಲವೆಂದು ಕೋಟೆಯೊಳಗೆ ನೋಡಿದೆವಲ್ಲ. ಜಾಗವೇ ಇಲ್ಲದಿದ್ದರೆ ಶಾಸನದ ಕಲ್ಲು, ಗಂಟೆ, ಬಾಗಿಲ ಚೌಕಟ್ಟು, ಒಂದು ಕಂಬ, ಇಷ್ಟನ್ನಾದರೂ ಹೊಸ ಗೋಡೆಯಲ್ಲಿ ಎಲ್ಲರ ಕಣ್ಣಿಗೆ ಕಾಣುವಂತೆ ಸೇರಿಸಿ. ಹೈದರ್ ಮತ್ತು ಟಿಪ್ಪು ಹೊಸ ಕೋಟೆಗೆ ಬೇರೆ ಊರು ಹುಡುಕಿಕೊಂಡು ಹೋಗಲಿಲ್ಲ, ಮಲ್ಲಭೈರೇಗೌಡ ಆರಿಸಿದ ಜಾಗದಲ್ಲೇ ಕಲ್ಲು ಏರಿಸಿದರು. ಆದ್ದರಿಂದಲೇ 1501ರ ಆ ಪಾಳೆಯಗಾರನ ಹೆಸರು ಇಂದಿಗೂ ಕೋಟೆಯ ಜೊತೆ ಬರುತ್ತದೆ.

ಪ್ರಿಯರೇ, ಈ ವರ್ಷದ ಹಬ್ಬಕ್ಕೆ ಸುಣ್ಣ ಬಳಿಯುವ ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಮನೆಯ ಹಿರಿಯರೊಬ್ಬರನ್ನೂ ಮಕ್ಕಳನ್ನೂ ಕರೆದುಕೊಂಡು ನಮ್ಮ ದೇವಾಲಯವನ್ನು ಒಂದು ಸುತ್ತು ಬರೋಣ. ಯಾವ ಗೋಡೆ ಮೊದಲನೆಯದು, ಯಾವುದು ಆಮೇಲೆ ಸೇರಿದ್ದು, ಕಲ್ಲು ಹೊತ್ತವರು ಯಾರು, ಗಂಟೆ ಎಲ್ಲಿಂದ ಬಂತು ಎಂದು ಕೇಳೋಣ. ಅಜ್ಜಿಯರು ಹೇಳುತ್ತಾರೆ, ಅವರು ನಮ್ಮೊಂದಿಗೆ ಇರುವಾಗಲೇ ಕೇಳಿಕೊಳ್ಳೋಣ. ಮತ್ತು ಬಾಗಿಲ ಮೇಲಿನ ಆ ಕಲ್ಲಿನ ಅಕ್ಷರಗಳು ಸುಣ್ಣದಲ್ಲಿ ಮುಚ್ಚಿಹೋಗಿದ್ದರೆ, ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಗಟ್ಟಿಯಾಗಿ ಓದಿ ಮಕ್ಕಳಿಗೆ ಕೇಳಿಸೋಣ. ಹಬ್ಬದ ಸಿದ್ಧತೆ ಅಲ್ಲಿಂದಲೇ ಆರಂಭವಾಗಲಿ.